ಭದ್ರಮ್ಮ ಕಲಿಸಿದ ಮಾತು

ತಮಿಳುನಾಡಿನ ಗಡಿಯೊಳಗಿನ ಕೆಲಮಂಗಲದ ಸುತ್ತಿನ ಹದಿನಾಲ್ಕು ಹಳ್ಳಿಗಳಲ್ಲಿ ಆವುಲಪ್ಪ ಮೇಷ್ಟ್ರು ವರ್ಷಕ್ಕೊಮ್ಮೆ ರೈತರನ್ನು ರಾಜರನ್ನಾಗಿ ಮಾಡುತ್ತಿದ್ದರು. ಅವರು ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಒಂದು ಹಾರ್ಮೋನಿಯಂ, ಒಂದು ಪೆಟ್ಟಿಗೆ ಕಿರೀಟ, ಒಂದು ಹುಣಸೆ ಬರಲು, ಇಷ್ಟು ಅವರ ಸಾಮ್ರಾಜ್ಯ. ಬೆಳಿಗ್ಗೆ ರಾಗಿ ಹೊಲದಲ್ಲಿ ಕಳೆ ಕಿತ್ತವನು ಸಂಜೆ ಅವರ ಮುಂದೆ ನಿಂತು ಮೂರು ಲೋಕವನ್ನೂ ನಡುಗಿಸಬೇಕು. ನಡುಗಿಸುವವರಲ್ಲಿ ಅರ್ಧ ಜನಕ್ಕೆ ಓದು ಬಾರದು. ಮನೆಯಲ್ಲಿ ತೆಲುಗು ಆಡುವವರೂ ತಮಿಳು ಆಡುವವರೂ ಇದ್ದರು. ತಾವು ಶತ್ರುವನ್ನು ಬೈಯುತ್ತಿದ್ದೇವೋ ಹೊಗಳುತ್ತಿದ್ದೇವೋ ಎಂಬುದು ಕೆಲವರಿಗೆ ಕೊನೆಯವರೆಗೂ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರಿಗೆ ಅದರ ಚಿಂತೆ ಇರಲಿಲ್ಲ.

"ಅರ್ಥ ಮಾಡ್ಕಣಾಕೆ ಮುಂದೆ ಕೂತವ್ರೆ ಜನ. ನೀನು ಮಾತು ಬಿಡ್ಬೇಡ ಕಣ್ಲಾ," ಅನ್ನುತ್ತಿದ್ದರು. ಒಂದು ಪದ ಬಿಟ್ಟರೆ ಬೆನ್ನಿಗೆ ಹುಣಸೆ ಬರಲು ಬೀಳುತ್ತಿತ್ತು. ರಾಜನೆಂಬ ರಿಯಾಯಿತಿ ಇರಲಿಲ್ಲ.

ಅವರ ಒಬ್ಬಳೇ ಮಗಳು ಭದ್ರಮ್ಮ ಹಾರ್ಮೋನಿಯಂ ಪಕ್ಕದಲ್ಲಿ ಕೂತೇ ಬೆಳೆದಳು. ಹನ್ನೆರಡು ವರ್ಷಕ್ಕೆ ಏಳು ನಾಟಕಗಳ ಎಲ್ಲ ರಾಜರೂ, ಮಂತ್ರಿಗಳೂ, ಬಾಗಿಲು ಕಾಯುವವರೂ ಅವಳ ಬಾಯಲ್ಲಿದ್ದರು. ರಂಗ ಹತ್ತುವ ಯೋಗ ಮಾತ್ರ ಬರಲಿಲ್ಲ. ಊರ ಹುಡುಗಿಯರು ಬಣ್ಣ ಹಚ್ಚುವಂತಿರಲಿಲ್ಲ. ಹೀಗೆ ಏಳು ನಾಟಕಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಏಳನೇ ಕ್ಲಾಸಿಗೆ ಕನ್ನಡ ಶಾಲೆ ಬಿಟ್ಟು, ಅವಳು ಲಕ್ಷ್ಮಣಪ್ಪನ ಹೆಂಡತಿಯಾಗಿ ಕೆಲಮಂಗಲದ ಪಕ್ಕದ ಹಳ್ಳಿಗೆ ಬಂದಳು. ಲಕ್ಷ್ಮಣಪ್ಪ ಟೊಮೇಟೊ ಬೆಳೆಯುತ್ತಿದ್ದ. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದರೆ ಬಾಯಿ ಸವೆಯುತ್ತದೆ ಎಂದು ನಂಬಿದ್ದ ಮನುಷ್ಯ.

ಎರಡು ಸಾವಿರದ ಒಂದರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಭದ್ರಮ್ಮ ಹೊಸೂರು ರಸ್ತೆಯ ಗಾರ್ಮೆಂಟ್ಸಿಗೆ ಸೇರಿದಳು. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಸುತ್ತಿನ ಹಳ್ಳಿಗಳವರು ನೀಲಿ ತಗಡು ನೋಡಿ ನೀಲಿ ಶೆಡ್ಡು ಅಂದರು. ಒಳಗೆ ಎಂಟು ನೂರು ಹೆಂಗಸರು ಯಾವುದೋ ಚಳಿ ದೇಶದ ಗಂಡಸರಿಗೆ ಅಂಗಿ ಹೊಲಿಯುತ್ತಿದ್ದರು, ತಾವು ಬೆವರುತ್ತ. ಒಂದು ಲೈನಿಗೆ ನಲವತ್ತು ಮೆಷಿನು, ಗಂಟೆಗೆ ಎಂಬತ್ತು ಅಂಗಿ, ನಲವತ್ತು ಜನಕ್ಕೆ ಒಂದು ಟೋಕನ್. ಟೋಕನ್ ಅಂದರೆ ಅಂಗೈ ಅಗಲದ ಮರದ ತುಂಡು. ಅದು ಗೂಟದಲ್ಲಿ ನೇತಾಡುತ್ತಿದ್ದರೆ ಮಾತ್ರ ಎದ್ದು ಕಕ್ಕಸಿಗೆ ಹೋಗಬಹುದು, ಅದೂ ದಿನಕ್ಕೆ ಎರಡು ಸಲ. ಹಿಂದಿನ ಕಾಲದ ಚಕ್ರವರ್ತಿಗಳ ಮುದ್ರೆಯುಂಗುರಕ್ಕೂ ಅಷ್ಟು ಮರ್ಯಾದೆ ಇದ್ದಿರಲಾರದು. ಹೆಂಗಸರು ಉಪಾಯ ಕಂಡುಕೊಂಡಿದ್ದರು: ನೀರು ಕುಡಿಯುತ್ತಲೇ ಇರಲಿಲ್ಲ. ಮೂವತ್ತಕ್ಕೆಲ್ಲ ಉರಿಮೂತ್ರ, ಸೊಂಟನೋವು. ಶೆಡ್ಡಿನಲ್ಲಿ ಅದನ್ನು ಯಾರೂ ಕಾಯಿಲೆ ಅನ್ನುತ್ತಿರಲಿಲ್ಲ, ಸರ್ವೀಸ್ ಅನ್ನುತ್ತಿದ್ದರು. "ಅಕ್ಕಂಗೆ ಸರ್ವೀಸ್ ಜಾಸ್ತಿ ಆಯ್ತು," ಅಂದರೆ ಡಾಕ್ಟರ ಹತ್ತಿರ ಹೋಗಿದ್ದಾಳೆ ಎಂದು ಅರ್ಥ.

ಐದು ವರ್ಷದ ಸರ್ವೀಸಿನ ನಂತರ ಭದ್ರಮ್ಮ ಏಳನೇ ಲೈನಿನ ಹಿರಿಯಳು. ಅವಳ ಮುಂದಿನ ಮೆಷಿನಿನಲ್ಲಿ ಕಾಲರು ಕೂರಿಸುತ್ತಿದ್ದವಳು ನಾಗವೇಣಿ. ಅಂಚೆಟ್ಟಿಯಾಚೆ ಕಾಡಿನಂಚಿನ ನಾಟ್ರಾಂಪಾಳ್ಯದಿಂದ ಬಂದು, ಗಂಡನ ಜೊತೆ ಕೆಲಮಂಗಲದಲ್ಲಿ ಒಂದು ಕೋಣೆ ಹಿಡಿದಿದ್ದ ಇಪ್ಪತ್ನಾಲ್ಕರ ಹುಡುಗಿ. ಕೇಳಿದ್ದಕ್ಕೆ ಉತ್ತರ ಕೊಡುವಳು, ಹೇಳಿದ್ದನ್ನು ಮಾಡುವಳು. ಸೂಪರ್‌ವೈಸರು ಗಂಟೆಗೆ ಎಂಬತ್ತು ಅಂದರೆ ಎಂಬತ್ತೊಂದು ಕೊಟ್ಟು ಮುಖ ನೋಡುವಳು.

ಎರಡು ಸಾವಿರದ ಆರರ ಆಷಾಢದಲ್ಲಿ ನಾಗವೇಣಿಗೆ ಐದು ತಿಂಗಳು. ಒಂದು ಸೋಮವಾರ ಮೂರನೇ ಸಲ ಟೋಕನ್ ಕೇಳಿದಳು, ಸಿಗಲಿಲ್ಲ. ಅರ್ಧ ಗಂಟೆಯ ಮೇಲೆ ಮೆಷಿನಿನ ಮೇಲೆ ತಲೆ ಇಟ್ಟವಳು ಎತ್ತಲಿಲ್ಲ. ಕಂಪನಿಯ ಜೀಪಿನಲ್ಲಿ ಮನೆಗೆ ಬಿಟ್ಟರು, ಮೂರು ದಿನ ರೆಸ್ಟ್ ತಗೋ ಅಂದರು. ನಾಲ್ಕನೇ ದಿನ ಬಂದರೆ ಗೇಟಿನವನು ಒಳಗೆ ಬಿಡಲಿಲ್ಲ.

"ನೀನು ರಾಜೀನಾಮೆ ಕೊಟ್ಟಿದೀಯಲ್ಲಮ್ಮ," ಅಂದ.

"ಯಾವಾಗಣ್ಣ?" ಅಂದಳು ನಾಗವೇಣಿ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ.

ಆಗಿದ್ದು ಇಷ್ಟು. ನೀಲಿ ಶೆಡ್ಡಿಗೆ ಸೇರುವ ದಿನ ಎಲ್ಲರೂ ಐದು ಹಾಳೆಗೆ ಸಹಿ ಹಾಕಬೇಕಿತ್ತು. ನಾಲ್ಕರಲ್ಲಿ ಇಂಗ್ಲಿಷಿತ್ತು, ಒಂದರಲ್ಲಿ ಏನೂ ಇರಲಿಲ್ಲ. ಇಂಗ್ಲಿಷಿದ್ದ ನಾಲ್ಕಕ್ಕೆ ಹೆದರಿದವರು ಖಾಲಿ ಹಾಳೆಯನ್ನು ನೋಡಿ ಸಮಾಧಾನಪಟ್ಟು ಸಹಿ ಹಾಕುತ್ತಿದ್ದರು. ಅದೊಂದರಲ್ಲಾದರೂ ಮೋಸವಿಲ್ಲ ಎಂದು ಕಣ್ಣಿಗೇ ಕಾಣುತ್ತಿತ್ತಲ್ಲ. ನಾಗವೇಣಿಯ ಖಾಲಿ ಹಾಳೆ ಎರಡು ವರ್ಷ ಬೀರುವಿನಲ್ಲಿ ಮಲಗಿದ್ದು, ಅವಳು ಮೂರ್ಛೆ ಬಿದ್ದ ಮಾರನೆಯ ದಿನ ಎದ್ದು, ಅವಳು ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿರುವುದಾಗಿ ಮೈಮೇಲೆ ಬರೆಸಿಕೊಂಡಿತ್ತು. ಹೊರಗೆ ಹೋದವಳಿಗೆ ಕಾನೂನು ಕೊಡುವ ಹನ್ನೆರಡು ವಾರದ ಹೆರಿಗೆ ರಜೆಯೂ ಇಲ್ಲ, ಆಮೇಲೆ ಕೆಲಸವೂ ಇಲ್ಲ.

ಅವಳನ್ನು ಒಳಗೆ ತಂದು ಅದೇ ಮೆಷಿನಿನ ಮುಂದೆ ಕೂರಿಸುತ್ತೇನೆ ಎಂದು ಭದ್ರಮ್ಮ ಪಣ ತೊಟ್ಟಳು. ಶೆಡ್ಡಿನಲ್ಲಿ ಸಂಘ ಇರಲಿಲ್ಲ. ಸಂಘ ಎಂಬ ಪದ ಆಡಿದವರೂ ಬಹಳ ದಿನ ಇರುತ್ತಿರಲಿಲ್ಲ. ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರ ಉಮಾಶಂಕರ್ ಎಂಬಾತ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಮುಂಚೆ ಯಾವುದೋ ಫ್ಯಾಕ್ಟರಿಯಲ್ಲಿ ಸಂಘ ಕಟ್ಟಲು ಹೋಗಿ ಕೆಲಸ ಕಳೆದುಕೊಂಡವನು. ಈಗ ಅರ್ಜಿ ಬರೆದುಕೊಡುತ್ತಿದ್ದ, ಜೆರಾಕ್ಸಿನ ಕಾಸು ಮಾತ್ರ ತೆಗೆದುಕೊಂಡು.

"ಅರ್ಜಿ ಹಾಕೋಣಕ್ಕ. ಆದ್ರೆ ಅದು ನಡೆಯೋ ಹೊತ್ಗೆ ಮಗು ನಡೀತಿರ್ತದೆ," ಅಂದ ಉಮಾಶಂಕರ್. "ಅದಕ್ಕಿಂತ ಬೇಗ ಆಗೋದು ಇನ್ನೊಂದೈತೆ. ಇನ್ನು ಮೂರು ತಿಂಗಳಿಗೆ ಬಯರ್ ಕಡೆಯೋರು ಆಡಿಟ್‌ಗೆ ಬರ್ತಾರೆ. ಅಂಗಿ ಕೊಳ್ಳೋ ಕಂಪನಿಯೋರು. ಅವರ ಅಂಗಿ ಹೊಲಿಯೋ ನಿಮ್ಮ ಲೈನಿನ ಹಾಜರಿಪಟ್ಟಿಯಿಂದ ಎಂಟು ಜನನ್ನ ಅವರೇ ಆರಿಸಿ, ಬಾಗಿಲು ಹಾಕ್ಕೊಂಡು ಒಬ್ಬೊಬ್ಬರನ್ನೇ ಕೇಳ್ತಾರೆ. ಒಳಗೆ ಕಂಪನಿ ಕಡೆಯ ಎಚ್ಚಾರ್ ಇರಾಕಿಲ್ಲ. ನಾಲ್ಕು ಜನ ಬಾಯಿ ಬಿಟ್ರೂ ಸಾಕು, ಇವರು ಮಾರನೇ ದಿನಾನೇ ಹುಡುಗೀನ ಜೀಪಲ್ಲಿ ಕರ್ಕೊಂಡು ಬರ್ತಾರೆ."

"ಬಾಯಿ ಬಿಡ್ಬೇಕಲ್ಲ," ಅಂದಳು ಭದ್ರಮ್ಮ. "ಸೂಪರ್‌ವೈಸರು ಕೆಮ್ಮಿದ್ರೆ ಇವ್ರಿಗೆ ಹೆಸರು ಮರೆತೋಗ್ತದೆ."

ಬಸ್ಸಿನಲ್ಲಿ ಕೆಲಮಂಗಲಕ್ಕೆ ಬರುವಷ್ಟರಲ್ಲಿ ಅವಳಿಗೆ ದಾರಿ ಹೊಳೆಯಿತು. ಹೆದರಿದವನ ಸ್ವಂತ ಮಾತು ಮೊದಲು ಓಡಿಹೋಗುತ್ತದೆ. ಬಾಯಿಪಾಠದ ಮಾತು ಓಡುವುದಿಲ್ಲ. ಅವಳ ಕಣ್ಣ ಮುಂದೆಯೇ ಎಷ್ಟು ರಾಜರು ಕಾಲು ಗಡಗಡ ನಡುಗುತ್ತಿದ್ದರೂ ಒಂದು ಪದ ಬಿಡದೆ ಯುದ್ಧ ಸಾರಿದ್ದರು. ಆವುಲಪ್ಪ ಮೇಷ್ಟ್ರ ಮಗಳಿಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರ ಯಾವುದಿದೆ?

ಸಭೆ ಸೇರಲು ಜಾಗವಿರಲಿಲ್ಲ. ಐದು ಹೆಂಗಸರು ಒಟ್ಟಿಗೆ ನಿಂತರೆ ಯಾರೋ ಹೋಗಿ ಹೇಳುತ್ತಿದ್ದರು. ನಾಗವೇಣಿಗೆ ಏಳು ತಿಂಗಳಾದಾಗ ಭದ್ರಮ್ಮ ತನ್ನ ಮನೆಯಲ್ಲಿ ಸೀಮಂತವಿಟ್ಟಳು. ಬಳೆ ತೊಡಿಸಲು ಇಪ್ಪತ್ತೆರಡು ಹೆಂಗಸರು ಸೇರಿದರೆ ಯಾವ ಕಂಪನಿ ತಾನೇ ಅನುಮಾನಪಟ್ಟೀತು? ಕೆಲಸಕ್ಕೆ ತೆಗೆದುಕೊಳ್ಳುವ, ಬಿಡಿಸುವ ಎಚ್ಚಾರ್ ಶ್ರೀವಿದ್ಯಾ ಸಂಗತಿ ತಿಳಿದು, ಅರ್ಧ ಕಿಲೋ ಮೈಸೂರು ಪಾಕು ಕಳಿಸಿದಳು. ಶ್ರೀವಿದ್ಯಾ ಇಪ್ಪತ್ತಾರರ ಸೌಮ್ಯ ಹುಡುಗಿ. ಆಕೆಗೆ ಬೈಯಲು ಬರುತ್ತಿರಲಿಲ್ಲ, ಆದ್ದರಿಂದ ಎಲ್ಲರಿಗೂ ಆಕೆಯನ್ನು ಕಂಡರೆ ಹೆಚ್ಚು ಭಯ.

ಆರತಿ ಮುಗಿದು ಮೈಸೂರು ಪಾಕು ಹಂಚಿದ ಮೇಲೆ ಭದ್ರಮ್ಮ ಬಾಗಿಲು ಮುಂದೆ ಮಾಡಿ, ಸೌಟು ಹಿಡಿದು ನಿಂತಳು. ಒಂಬತ್ತು ವಾಕ್ಯಗಳ ಮಾತನ್ನು ಅವಳೇ ಕಟ್ಟಿದ್ದಳು. ಅವಳಿಗೆ ಗೊತ್ತಿದ್ದ ದೊಡ್ಡ ಮಾತು ಒಂದೇ ಬಗೆಯದು, ಕಿರೀಟ ಇಟ್ಟುಕೊಂಡವರು ಆಡುವಂಥದು. ಹಾಗಾಗಿ ಅದು ಹೀಗೆ ಶುರುವಾಯಿತು: "ಮಾನ್ಯರೇ ಲಾಲಿಸಬೇಕು. ಐದು ತಿಂಗಳ ಗರ್ಭಿಣಿಯಾದ ನಮ್ಮ ಸಹೋದರಿ ನಾಗವೇಣಿಯು ಯಂತ್ರದ ಮುಂದೆ ಮೂರ್ಛೆಗೊಂಡು ಧರೆಗುರುಳಿದಳು." ನಾಲ್ಕನೇ ವಾಕ್ಯದ ಕೊನೆಗೆ ಒಂದು ನಿಟ್ಟುಸಿರಿತ್ತು. ಆರನೆಯದು, "ಅವಳು ರಾಜೀನಾಮೆ ಬರೆದವಳಲ್ಲ, ಬರಿಯ ಹಾಳೆಗೆ ಸಹಿ ಮಾಡಿದವಳು." ಒಂಬತ್ತನೆಯದಕ್ಕೆ ಕೈಮುಗಿಯಬೇಕು.

"ಧರೆ ಅಂದ್ರೆ ಏನಕ್ಕ?" ಅಂದಳು ಒಬ್ಬಳು.

"ನೆಲ."

"ನೆಲ ಅಂದ್ರಾಗಾಕಿಲ್ವಾ? ಅವಳು ನೆಲಕ್ಕೂ ಬೀಳ್ಲಿಲ್ವಲ್ಲ, ಮೆಷಿನ್ ಮೇಲೆ ತಾನೇ ಬಿದ್ದಿದ್ದು."

"ಬೀಳೋದು ಅಂದ್ರೆ ಧರೆಗೇ ಬೀಳ್ಬೇಕು," ಅಂದಳು ಭದ್ರಮ್ಮ. ಸೌಟು ಮೇಲೆದ್ದಿತು.

ಅವರಲ್ಲಿ ಆರು ಜನಕ್ಕೆ ಮನೆಮಾತು ತಮಿಳು, ನಾಲ್ಕು ಜನಕ್ಕೆ ತೆಲುಗು. ಎಲ್ಲರಿಗೂ ಒಂದೇ ಪಾಠ. ಕುರ್ಚಿಯ ಮೇಲೆ ಕೈತುಂಬ ಬಳೆ ತೊಟ್ಟು ಕೂತಿದ್ದ ನಾಗವೇಣಿ ತನ್ನ ಕಥೆಯನ್ನು ಇಪ್ಪತ್ತೆರಡು ಬಾಯಲ್ಲಿ ಕೇಳಿ, ಯಾರದೋ ದುಃಖವೆಂಬಂತೆ ಅತ್ತಳು.

ಆಮೇಲೆ ಐದು ವಾರ ತಾಲೀಮು. ಬಸ್ಸಿನಲ್ಲಿ ಡ್ರೈವರನ ಹಾಡಿನ ಸದ್ದಿನ ಕೆಳಗೆ, ಊಟದ ಡಬ್ಬಿ ಮುಂದೆ, ಮೆಷಿನಿನ ಗದ್ದಲದಲ್ಲಿ ತುಟಿ ಅಲ್ಲಾಡಿಸುತ್ತ. ಏಳನೇ ಲೈನಿನ ತುಟಿಗಳನ್ನು ನೋಡಿ ಫ್ಲೋರ್ ಇನ್‌ಚಾರ್ಜ್ ಕಿರಣ್‌ಕುಮಾರ್, "ಏನಮ್ಮಾ, ಎಲ್ಲರೂ ಓಂ ಶಕ್ತಿಗೆ ಮಾಲೆ ಹಾಕಿದ್ದೀರಾ?" ಎಂದು ಕೇಳಿ, ಭಕ್ತಿಯಿಂದ ಟಾರ್ಗೆಟ್ ಹೆಚ್ಚುತ್ತದೆಂದು ಖುಷಿಪಟ್ಟ. ಭದ್ರಮ್ಮ ಆ ಐದು ವಾರ ಹತ್ತು ವರ್ಷ ಚಿಕ್ಕವಳಾಗಿದ್ದಳು. ಕೊನೆಗೂ ಅವಳಿಗೊಂದು ನಾಟಕ ಸಿಕ್ಕಿತ್ತು.

ಆಡಿಟ್ ದಿನ ನೀಲಿ ಶೆಡ್ಡು ಮದುಮಗಳಾಯಿತು. ಕಕ್ಕಸಿಗೆ ಸೋಪು ಬಂತು, ಮೂಗಿಗೆ ಬಟ್ಟೆ ಬಂತು, ಟೋಕನ್ ಮಾಯವಾಗಿ ಅದರ ಗೂಟಕ್ಕೆ ಗಣಪತಿ ಕ್ಯಾಲೆಂಡರ್ ಬಂತು. ಎತ್ತರದ ಬಿಳಿಯನೊಬ್ಬ, ಅವನ ಜೊತೆ ಕನ್ನಡ ತಮಿಳು ಎರಡೂ ಬಲ್ಲ, ಬೆಂಗಳೂರಿನ ಕನ್ನಡಕದ ಹೆಣ್ಣುಮಗಳೊಬ್ಬಳು ಬಂದರು. ಏಳನೇ ಲೈನಿನ ಹಾಜರಿಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಎಂಟು ಹೆಸರು ಗುರುತು ಹಾಕಿದರು. ಎಂಟರಲ್ಲಿ ಐವರು ಭದ್ರಮ್ಮನ ಶಿಷ್ಯೆಯರು. ಭದ್ರಮ್ಮನ ಹೆಸರು ಬರಲಿಲ್ಲ. ಈ ಸಲವೂ ರಂಗ ಹತ್ತುವ ಯೋಗವಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಐವರೂ ಗೆದ್ದ ಸೈನ್ಯದಂತೆ ಬಂದರು.

"ಒಂದು ಪದ ಬಿಡ್ಲಿಲ್ಲ ಅಕ್ಕ," ಅಂದಳು ಮೊದಲನೆಯವಳು. "ಮೊದ್ಲು ಹೆಸರು ಕೇಳಿದ್ರು. ಹೆಸರು ಹೇಳಿ ಹಂಗೇ ಶುರು ಹಚ್ಕೊಂಡೆ, ಮಾನ್ಯರೇ ಲಾಲಿಸಬೇಕು ಅಂತ."

"ನಿಟ್ಟುಸಿರು?"

"ಬಿಟ್ಟೆ."

"ನಾನೂ ಬಿಟ್ಟೆ," ಅಂದಳು ಎರಡನೆಯವಳು. "ಆ ಕನ್ನಡಕದಮ್ಮ ಬರಿಯೋದು ನಿಲ್ಸಿ ನನ್ನೇ ನೋಡ್ತು. ಪಾಪ, ಕರುಳು ಚುರುಕ್ ಅಂದಿರ್ಬೇಕು."

ಮೂರನೆಯವಳು ತಮಿಳಿನವಳು. "ನಡುವೆ ಏನೋ ಕೇಳ್ಬಿಟ್ರು ಅಕ್ಕ. ಅದು ಯಾವ ವಾರ ಆಗಿದ್ದು ಅಂತ. ಎಲ್ಲಿ ಬಿಟ್ಟೆ ಅಂತ ಗೊತ್ತಾಗ್ಲಿಲ್ಲ. ತಿರುಗ ಮೊದ್ಲಿಂದ ಹೇಳಿದೆ. ಇನ್ನೊಂದು ಕೇಳಿದ್ರು, ಇನ್ನೊಂದ್ಸಲ ಮೊದ್ಲಿಂದ."

"ಒಳ್ಳೇದು ಮಾಡ್ದೆ," ಅಂದಳು ಭದ್ರಮ್ಮ. ಬಾಯಿಪಾಠವನ್ನು ನಡುವಿನಿಂದ ಹಿಡಿಯುವುದು ಯಾವ ರಾಜನಿಗೂ ಬರುತ್ತಿರಲಿಲ್ಲ.

ಉಳಿದ ಮೂವರಿಗೆ ಶ್ರೀವಿದ್ಯಾ ಹೇಳಿಕೊಟ್ಟಿದ್ದು ಒಂದೇ: ಎಲ್ಲ ಚೆನ್ನಾಗಿದೆ ಅನ್ನಿ, ಹೇಗಾದರೂ ಅನ್ನಿ. ಅವರು ಹೇಗೆ ಹೇಗೋ ಅಂದರು. ಒಬ್ಬಳು ತಡವರಿಸಿದಳು, ಒಬ್ಬಳು ಕಕ್ಕಸು ಚೆನ್ನಾಗಿದೆ ಆದರೆ ಚಿಲಕ ಕೂರುವುದಿಲ್ಲ ಅಂದಳು, ಒಬ್ಬಳು ತನ್ನ ಅತ್ತೆಯ ವಿಷಯ ತೆಗೆದು ಅತ್ತಳು.

ಮೂರನೇ ವಾರ ಶ್ರೀವಿದ್ಯಾ ಭದ್ರಮ್ಮನನ್ನು ಕ್ಯಾಬಿನಿಗೆ ಕರೆದು, ಕುರ್ಚಿ ಕೊಟ್ಟು, ಆಡಿಟ್ ವರದಿಯ ಒಂದು ಪ್ಯಾರಾ ಕನ್ನಡ ಮಾಡಿ ಓದಿದಳು. ಐವರು ಕಾರ್ಮಿಕರ ದೂರು ಪದಕ್ಕೆ ಪದ ಒಂದೇ ಆಗಿತ್ತು. ಪ್ರಶ್ನೆ ಕೇಳಿದರೆ ಉತ್ತರಿಸದೆ ಮೊದಲಿನಿಂದ ಒಪ್ಪಿಸುತ್ತಿದ್ದರು. ಹೊರಗಿನ ಯಾರೋ ಕಲಿಸಿ ಕಳಿಸಿದಂತೆ ಕಾಣುತ್ತದೆ. ಉಳಿದ ಮೂವರ ಉತ್ತರ ಸಹಜವಾಗಿತ್ತು. ಚಿಲಕ ಸರಿಪಡಿಸಬೇಕು.

"ಕಲಿಸಿದ್ದು ನೀವೇನಾ?" ಎಂದು ಶ್ರೀವಿದ್ಯಾ ಮೆತ್ತಗೆ ಕೇಳಿದಳು.

"ಹೇಳಿದ್ದು ಸುಳ್ಳಾ ಮೇಡಂ?" ಅಂದಳು ಭದ್ರಮ್ಮ.

"ಅದು ಬೇರೆ ವಿಷಯ ಭದ್ರಮ್ಮ. ಸಹಜವಾಗಿರಲಿಲ್ಲ ಅಂತ ಬರೆದಿದ್ದಾರೆ."

ಚಿಲಕ ಸರಿಹೋಯಿತು. ಐವರನ್ನು ಐದು ಲೈನಿಗೆ ಹಂಚಿದರು. ಭದ್ರಮ್ಮನನ್ನು ಮೆಷಿನಿನಿಂದ ಎಬ್ಬಿಸಿ ದಾರ ಕತ್ತರಿಸುವ ಕಡೆ ಹಾಕಿದರು; ಅಲ್ಲಿ ಎಂಟು ಗಂಟೆಯೂ ನಿಂತಿರಬೇಕು. ಶಿಷ್ಯೆಯರಲ್ಲಿ ಇಬ್ಬರು ಅವಳನ್ನು ಕಂಡರೆ ಬೇರೆ ಕಡೆ ನೋಡತೊಡಗಿದರು. ಅವಳು ಬೇಸರಪಡಲಿಲ್ಲ. ದಿನಕ್ಕೆ ಸಾವಿರ ಅಂಗಿಯ ತುದಿ ಕತ್ತರಿಸುತ್ತ ಒಂದೇ ಯೋಚನೆ ಮಾಡುತ್ತಿದ್ದಳು: ಆ ಹುಡುಗಿಯರನ್ನು ಸುಮ್ಮನೆ ಬಿಟ್ಟಿದ್ದರೆ ತಡವರಿಸುತ್ತಿದ್ದರು, ಅಳುತ್ತಿದ್ದರು, ನೆಲಕ್ಕೆ ಬಿದ್ದಳು ಅನ್ನುತ್ತಿದ್ದರು, ಮೆಷಿನ್ ಮೇಲೆ ಬಿದ್ದಳು ಅನ್ನುತ್ತಿದ್ದರು. ಕನ್ನಡಕದ ಹೆಣ್ಣುಮಗಳು ನಂಬುತ್ತಿದ್ದಳು.

ಉಮಾಶಂಕರನ ಅರ್ಜಿ ಇನ್ನೂ ಉಳಿದಿತ್ತು. ಅದು ನಡೆದು ನಡೆದು ಎರಡು ಸಾವಿರದ ಏಳರ ಬೇಸಿಗೆಗೆ ಕೃಷ್ಣಗಿರಿಯ ಕಾರ್ಮಿಕ ಅಧಿಕಾರಿಯ ಮೇಜು ತಲುಪಿತು. ಅಷ್ಟರಲ್ಲಿ ನಾಗವೇಣಿಗೆ ಹೆಣ್ಣುಮಗು ಹುಟ್ಟಿ ಐದು ತಿಂಗಳಾಗಿತ್ತು.

"ಹುಡುಗಿಗೆ ಸ್ವಲ್ಪ ಹೇಳ್ಕೊಡಬೇಕಕ್ಕ, ಅಲ್ಲಿ ಏನೇನು ಹೇಳ್ಬೇಕು ಅಂತ," ಅಂದ ಉಮಾಶಂಕರ್.

"ಒಂದಕ್ಷರ ಹೇಳ್ಕೊಡಬೇಡ. ನನ್ನಾಣೆ," ಅಂದಳು ಭದ್ರಮ್ಮ. ವಿಚಾರಣೆಯ ಹಿಂದಿನ ದಿನ ತಾನೇ ನಾಗವೇಣಿಯ ಕೋಣೆಗೆ ಹೋದಳು. "ಸೀಮಂತದಾಗೆ ಕೇಳಿದ್ದೆಲ್ಲ ಮರ್ತುಬುಡು. ಧರೆನೂ ಬೇಡ, ನಿಟ್ಟುಸಿರೂ ಬೇಡ. ಅವ್ರು ಏನು ಕೇಳ್ತಾರೋ ಅಷ್ಟಕ್ಕೆ ನಿನ್ನ ಮಾತಾಗೆ ಉತ್ತರ ಹೇಳು. ಕೇಳ್ದೆ ಇರೋದು ಹೇಳಾಕೆ ಹೋಗ್ಬೇಡ. ಹಂಗೆ ಹೇಳಿದ್ರೆ ಕಲ್ಸವ್ರೆ ಅಂತಾರೆ."

"ಆಯ್ತಕ್ಕ," ಅಂದಳು ನಾಗವೇಣಿ. ಹೇಳಿದ್ದನ್ನು ಮಾಡುವ ಹುಡುಗಿ.

ಅಧಿಕಾರಿ ವಯಸ್ಸಾದವರು, ಸಾವಧಾನಿ. ಮೇಜಿನ ಒಂದು ಕಡೆ ಶ್ರೀವಿದ್ಯಾ ಮತ್ತು ಕಂಪನಿಯ ವಕೀಲ, ಇನ್ನೊಂದು ಕಡೆ ಮಗು ಎತ್ತಿಕೊಂಡ ನಾಗವೇಣಿ, ಅವಳ ಪಕ್ಕ ಉಮಾಶಂಕರ್. ಭದ್ರಮ್ಮ ಬಾಗಿಲ ಹತ್ತಿರದ ಬೆಂಚಿನಲ್ಲಿದ್ದಳು. ಅಧಿಕಾರಿ ಹಾಳೆಯೊಂದನ್ನು ತಿರುಗಿಸಿ ತಮಿಳಿನಲ್ಲಿ ಇದು ನಿಮ್ಮ ಸಹಿಯೇ ಎಂದು ಕೇಳಿ, ಅವಳು ನೋಡುತ್ತಲೇ ಇದ್ದುದನ್ನು ಕಂಡು ಕನ್ನಡದಲ್ಲೂ ಕೇಳಿದರು.

"ಹೌದು ಸಾ, ನಂದೇ."

"ಸಹಿ ಹಾಕು ಅಂತ ಯಾರಾದರೂ ಬಲವಂತ ಮಾಡಿದರಾ? ಹೆದರಿಸಿದರಾ?"

"ಇಲ್ಲ ಸಾ. ಪೆನ್ನು ಕೊಟ್ರು, ಹಾಕ್ದೆ."

ಉಮಾಶಂಕರ್ ಕುರ್ಚಿಯಿಂದ ಅರ್ಧ ಎದ್ದ. "ಸಾರ್, ಅವತ್ತು ಆ ಹಾಳೆ ಖಾಲಿ ಇತ್ತು ಅಂತ..."

"ನೋಡಿ, ಕಲಿಸ್ತಾ ಇದ್ದಾರೆ," ಅಂದ ವಕೀಲ. ಆಡಿಟ್ ವರದಿಯ ಆ ಪ್ಯಾರಾವನ್ನು ಮೇಜಿನ ಮೇಲಿಟ್ಟ. "ಇದು ಇವರ ಹಳೇ ಅಭ್ಯಾಸ ಸಾರ್. ಆಕೆಯೇ ಹೇಳಲಿ."

ಅಧಿಕಾರಿ ವರದಿ ಓದಿದರು. ಆಮೇಲೆ ನಾಗವೇಣಿಯ ಕಡೆ ತಿರುಗಿ, "ಆಕೆಯೇ ಹೇಳಲಿ. ನೀನು ಇನ್ನೇನಾದರೂ ಹೇಳುವುದಿದೆಯೇನಮ್ಮ?" ಅಂದರು. ಅವರಾಗಿಯೇ ಬಿಟ್ಟುಕೊಟ್ಟ ಅವಕಾಶ ಅದು, ನಿಧಾನವಾಗಿ ಕಾದರು ಕೂಡ.

ನಾಗವೇಣಿ ಬಾಗಿಲ ಕಡೆ ನೋಡಿದಳು. ಭದ್ರಮ್ಮನ ನಾಲಿಗೆಯ ತುದಿಗೆ ಆರನೇ ವಾಕ್ಯ, ಬರಿಯ ಹಾಳೆಯದು, ಬಂದು ನಿಂತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಹುಡುಗಿಗೆ ಅದರ ಅರ್ಥ ಸ್ಪಷ್ಟವಾಗಿತ್ತು.

"ಏನಿಲ್ಲ ಸಾ," ಅಂದಳು.

ಅಧಿಕಾರಿ ಬರೆದುಕೊಂಡರು. ಆ ಹೇಳಿಕೆಯ ಕೆಳಗೆ ನಾಗವೇಣಿ ಮತ್ತೊಂದು ಸಹಿ ಹಾಕಿದಳು. ಈ ಸಲ ತುಂಬಿದ ಹಾಳೆಗೆ.

ಹೊರಗೆ ಹುಣಸೆ ಮರದ ಕೆಳಗೆ ಉಮಾಶಂಕರ್ ಅರ್ಜಿಯ ಕಾಗದಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಆಮೇಲೆ ಕೇಳಿದ, "ಖಾಲಿ ಹಾಳೆ ವಿಷಯ ಒಂದು ಹೇಳ್ಬಾರ್ದಾಗಿತ್ತೇನಮ್ಮ?"

"ಅವ್ರು ಅದನ್ನ ಕೇಳ್ಲಿಲ್ವಲ್ಲಣ್ಣ," ಅಂದಳು ನಾಗವೇಣಿ. "ಕೇಳ್ದೆ ಇರೋದು ಹೇಳ್ಬೇಡ ಅಂದಿದ್ರು ಅಕ್ಕ."

"ಹೂಂ. ನಾನೇ ಅಂದಿದ್ದೆ," ಅಂದಳು ಭದ್ರಮ್ಮ.

ಅರ್ಜಿ ಅಲ್ಲಿಗೇ ಬಿದ್ದುಹೋಯಿತು. ಬೇಕಾದರೆ ಮೇಲಿನ ಕೋರ್ಟಿಗೆ ಹೋಗಬಹುದಿತ್ತು. ಹೋದರೆ ಈ ಹೇಳಿಕೆ ನಮಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿರುತ್ತದೆ ಅಂದ ಉಮಾಶಂಕರ್. ಅವನಿಗೆ ಹೊಸೂರಿನ ಬಸ್ಸು ಮೊದಲು ಬಂತು.

ರಾಯಕೋಟೆ ಮೇಲೆ ಕೆಲಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಭದ್ರಮ್ಮ ನಾಗವೇಣಿಯನ್ನು ಕೂರಿಸಿ, ಮಗುವನ್ನು ತಾನು ಎತ್ತಿಕೊಂಡು ನಿಂತಳು. ಹೇಗೂ ನಿಂತು ಅಭ್ಯಾಸವಾಗಿತ್ತು.

"ಬೇರಿಕೆ ಕಡೆ ಗುಲಾಬಿ ತೋಟಕ್ಕೆ ಕರೀತಾವ್ರೆ ಅಕ್ಕ," ಅಂದಳು ನಾಗವೇಣಿ ಸ್ವಲ್ಪ ದೂರ ಬಂದ ಮೇಲೆ. "ಪ್ಲಾಸ್ಟಿಕ್ ಮನೆಯೊಳಗೆ ಹೂವು ಕುಯ್ಯೋದು. ಮದ್ದಿನ ವಾಸ್ನೆ ಒಂಚೂರು ಜಾಸ್ತಿ ಅಂತೆ. ಸಹಿಗಿಹಿ ಏನೂ ಕೇಳಾಕಿಲ್ವಂತೆ. ಹೆಸ್ರೂ ಬರ್ಕೊಳಾಕಿಲ್ವಂತೆ."

ಭದ್ರಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಈ ಹುಡುಗಿಗೆ ಇನ್ನು ತಾನು ಏನನ್ನಾದರೂ ಹೇಳುವುದೋ ಬೇಡವೋ ಅವಳಿಗೆ ತಿಳಿಯಲಿಲ್ಲ. ನಾಗವೇಣಿ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದಳು.

ಮನೆಗೆ ಬಂದಾಗ ಲಕ್ಷ್ಮಣಪ್ಪ ಅಂಗಳದಲ್ಲಿ ಟೊಮೇಟೊ ಕ್ರೇಟು ಕಟ್ಟುತ್ತಿದ್ದ. ಕೈ ನಿಲ್ಲಿಸಿ, ಆ ದಿನದ ಹತ್ತು ಮಾತಿನಲ್ಲಿ ಎರಡನ್ನು ಖರ್ಚು ಮಾಡಿದ.

"ಏನಾಯ್ತು ಕೇಸು?"

"ಹುಡುಗಿ ಒಂದು ಸುಳ್ಳೂ ಹೇಳ್ಲಿಲ್ಲ," ಅಂದಳು ಭದ್ರಮ್ಮ.

"ಹಂಗಾದ್ರೆ ಗೆದ್ರಾ?"

ಅವಳು ಚಪ್ಪಲಿ ಬಿಟ್ಟು, ತೊಟ್ಟಿಯ ನೀರಿನಲ್ಲಿ ಕಾಲು ತೊಳೆದುಕೊಂಡು, ಒಳಗೆ ಹೋದಳು.